ಫೋನಿನಲ್ಲಿದ್ದ ಗಂಡ

12 ಜೂನ್ 1998, ಶುಕ್ರವಾರ. ಬೈಲಹೊಂಗಲ ಡಿಪೊ, ಮಧ್ಯಾಹ್ನ 3

ಮೊದಲ ಟ್ರಿಪ್ ಮುರಗೋಡ ಮೇಲೆ ಸವದತ್ತಿ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸವದತ್ತಿ ಸ್ಟ್ಯಾಂಡಿನಲ್ಲಿ ಹೂಲಿಯವನೊಬ್ಬ ಎರಡು ಆಡಿನ ಮರಿ ಹತ್ತಿಸಲು ಬಂದ. ಅವಕ್ಕೂ ಟಿಕೆಟ್ ತೆಗಿ ಅಂದೆ. "ಅರ್ಧಾ ಟಿಕೆಟ್ ಕೊಡ್ರಿ, ಇನ್ನ ಹಲ್ಲ ಬಂದಿಲ್ಲ" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಟಿಕೆಟ್ ಮಾತ್ರ ಬಿಡಲಿಲ್ಲ.

ಊಟಕ್ಕೆ ಮನೆಗೆ ಹೋದೆ. ಹೆಂಡತಿ ದೇವಕ್ಕ ಕಟ್ಟೆಯ ಮೇಲೆ, ಪಕ್ಕದ ಮನೆಯ ಶಟ್ಟೆವ್ವನ ಜೊತೆ ಅಕ್ಕಿ ಆರಿಸುತ್ತ ಕುಳಿತಿದ್ದಳು. ನನ್ನನ್ನು ಕಂಡು, "ನಿಜಗುಣಪ್ಪ ಬಂದಾ ನೋಡ" ಅಂದಳು.

ಶಟ್ಟೆವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಇಪ್ಪತ್ತೆಂಟು ವರ್ಷದ ಸಂಸಾರ. ದೇವಕ್ಕನ ಬಾಯಿಂದ ನನ್ನ ಹೆಸರು ಬಂದದ್ದು ಒಂದೇ ಸಲ. ಮದುವೆಯಲ್ಲಿ ಹೆಂಗಸರೆಲ್ಲ ಸೇರಿ, ಒಡಪು ಹಚ್ಚಿ ಗಂಡನ ಹೆಸರು ಹೇಳು ಎಂದು ಬೆನ್ನು ಹತ್ತಿದಾಗ. ಅದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ರೇಷನ್ ಕಾರ್ಡಿನವರು ಬಂದು ಕೇಳಿದರೂ ಮಗಳು ವಿಜಯಾಳನ್ನು ಮುಂದೆ ದಬ್ಬುತ್ತಿದ್ದಳು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಮ್ಮಿ ಎನ್ನುವ ಪೈಕಿ.

"ಈಗ ಬಂತೇನ ಹುಡುಗಾಟ?" ಅಂದೆ. ನಗಲಿಲ್ಲ. ಎದ್ದು ಒಳಗೆ ಹೋದಳು.

ಚಾಷ್ಟಿ ಇರಬೇಕು. ನಾಲ್ಕಕ್ಕೆ ಕಿತ್ತೂರು ಟ್ರಿಪ್.

16 ಜೂನ್

ಮಧ್ಯಾಹ್ನದ ಟ್ರಿಪ್ ರದ್ದು. ಬೇಗ ಮನೆಗೆ.

ನನ್ನನ್ನು ಕಂಡ ಕೂಡಲೇ ದೇವಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಹೊರಗಿನ ಗಂಡಸರು ಬಂದಾಗ ಹೀಗೆ. ನನ್ನ ಹಿಂದೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದೆ. ಯಾರೂ ಇಲ್ಲ.

ಊಟಕ್ಕೆ ಬೀಗರಿಗಿಡುವ ತಾಟು. ಬಡಿಸಿ ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಬಾಗಿಲಿನ ಮುಂದೆ ನಿಂತು, ಏನಾಯಿತು, ಯಾಕೆ ಸಿಟ್ಟು ಎಂದು ಕೇಳಿದೆ. ಅಗಳಿ ತೆಗೆಯಲಿಲ್ಲ.

ಹೋದ ತಿಂಗಳು ಹನ್ನೊಂದು ದಿನ ಜ್ವರದಲ್ಲಿ ಮಲಗಿದ್ದಳು. ಅದರ ನಿಶ್ಶಕ್ತಿ ಇದ್ದೀತು.

28 ಜೂನ್, ಭಾನುವಾರ

ಇಂದು ಬಾಯಿ ಬಿಟ್ಟಳು.

ವಾರದ ರಜೆ. ಬೆಳಿಗ್ಗೆ ಚಹಾ ಕೇಳಿದೆ. ಎದುರಿಗೆ ಬಂದು ನಿಂತು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ನನ್ನ ಮುಖ ನೋಡಿದಳು.

"ಎಲ್ಲಾ ಬರೋಬ್ಬರಿ ಐತಿ. ಮೀಸಿ, ಹಣಿ ಮ್ಯಾಲಿನ ಕಲಿ, ನಡಿಗಿ. ಯಾರೋ ಚಲೋತ್ನಂಗ ಕಲಿಸಿ ಕಳಿಸ್ಯಾರ ನಿನಗ."

"ಏನ ಮಾತಾಡಾಕತ್ತಿ ದೇವಕ್ಕಾ?"

"ಅವರನ್ನ ಎಲ್ಲಿ ಇಟ್ಟೀರಿ? ಅಷ್ಟ ಹೇಳು. ಪೊಲೀಸರ ಕಡೆ ಹೋಗೂದಿಲ್ಲ ನಾ."

"ಅವರು ಅಂದ್ರ ಯಾರು?"

ಹೆಸರು ಹೇಳಲಿಲ್ಲ. ತಲೆ ತಗ್ಗಿಸಿ ಕಾಲ ಬೆರಳು ನೋಡಿಕೊಂಡಳು. ನಾಚಿಕೆ. ನನ್ನೆದುರಿಗೇ ನನಗಾಗಿ ನಾಚಿಕೊಂಡಳು.

"ನಾನಽ ನಿನ್ನ ಗಂಡ" ಅಂದೆ. "ಥೂ, ನಾಲಿಗಿಗೆ ಹುಳ ಬೀಳಲಿ" ಅಂದಳು.

ಹೆಸರಿನೊಳಗೇ ನಿಜ ಇಟ್ಟುಕೊಂಡವನು. ಸುಳ್ಳಾಗಿಬಿಟ್ಟೆ.

11 ಜುಲೈ

ರಾಮದುರ್ಗದಿಂದ ವಿಜಯಾ ಬಂದಿದ್ದಳು, ಕೂಸನ್ನು ಎತ್ತಿಕೊಂಡು. ದೇವಕ್ಕ ಮಗಳ ಗುರುತು ಹಿಡಿದಳು. ಮೊಮ್ಮಗನನ್ನು ಮುದ್ದಾಡಿದಳು. ಅಳಿಯನ ಆರೋಗ್ಯ ಕೇಳಿದಳು. ಹೋಳಿಗೆ ಮಾಡಿದಳು, ಹೂರಣಕ್ಕೆ ಏಲಕ್ಕಿ ಮರೆಯಲಿಲ್ಲ. ತಲೆ ಕೆಟ್ಟವಳು ಎಂದು ಯಾರು ಹೇಳಬೇಕು?

ಇಡೀ ಊರಿನಲ್ಲಿ ನಾನೊಬ್ಬನೇ ಬೇರೆಯವನು.

ಶಟ್ಟೆವ್ವ ಎಲ್ಲಿಂದಲೋ ಮಂತ್ರಿಸಿದ ವಿಭೂತಿ ತಂದುಕೊಟ್ಟಳು. ದೇವಕ್ಕ ಭಕ್ತಿಯಿಂದ ಹಚ್ಚಿಕೊಂಡಳು. ಆಮೇಲೆ ಉಳಿದದ್ದನ್ನು ತೋರಿಸಿ, "ಇವಗೂ ಹಚ್ಚ ಶಟ್ಟೆವ್ವ, ವೇಷ ಕಳಚಿ ಬೀಳತೈತಿ" ಅಂದಳು. ಹಚ್ಚಿಸಿಕೊಂಡೆ. ಅರ್ಧ ತಾಸು ನನ್ನನ್ನೇ ನೋಡುತ್ತ ಕುಳಿತಳು, ವೇಷ ಕಳಚಲಿ ಎಂದು.

22 ಜುಲೈ, ಬುಧವಾರ. ಧಾರವಾಡ

ವಿಜಯಾ ಜೊತೆಗಿದ್ದುದರಿಂದ ದೇವಕ್ಕ ಆಸ್ಪತ್ರೆಗೆ ಬಂದಳು. ನಾನು ಹಿಂದಿನ ಸೀಟಿನಲ್ಲಿ.

ಡಾಕ್ಟರು ಚಿಕ್ಕ ವಯಸ್ಸಿನವರು. ಶಿವಮೊಗ್ಗದ ಕಡೆಯ ಮಾತು.

"ನಿಮ್ಮ ಯಜಮಾನರ ಹೆಸರೇನಮ್ಮಾ?"

ದೇವಕ್ಕ ಸುಮ್ಮನೆ.

"ನೆನಪಿಲ್ವಾ?"

ತಲೆ ಇನ್ನೂ ತಗ್ಗಿತು. ಅವರು ಏನೋ ಬರೆದುಕೊಂಡರು. "ನೆನಪ ಐತ್ರಿ, ಹೇಳೂದಿಲ್ರಿ ಆಕಿ" ಎಂದು ನಾನು ಬಾಯಿ ಹಾಕಿದೆ. ಕೈ ಎತ್ತಿ ನನ್ನನ್ನು ತಡೆದರು. ನನ್ನ ಕಡೆ ಬೆರಳು ಮಾಡಿ, "ಇವರ ಹೆಸರು ಹೇಳಿ ನೋಡೋಣ" ಅಂದರು.

"ನಿಜಗುಣಪ್ಪ ಅಂತ್ರಿ. ಕಂಡಕ್ಟರ್. ಬೈಲಹೊಂಗಲ ಡಿಪೊ." ಪಟಪಟ ಹೇಳಿದಳು.

ಡಾಕ್ಟರಿಗೆ ಖುಷಿ. "ಗುಡ್. ಎದುರಿಗೆ ನೋಡಿದ್ರೆ ಗುರುತು ಹಿಡೀತಾರೆ."

ಹೆಸರು ಹೇಳದೆ ಕುಳಿತಿದ್ದಳಲ್ಲ, ಅದು ಗಂಡನಿಗೆ. ಹೇಳಿದಳಲ್ಲ, ಅದು ಯಾವನೋ ದಾರಿಹೋಕನಿಗೆ. ಅವರ ಕಾಗದದಲ್ಲಿ ಎರಡೂ ತಿರುವುಮುರುವು.

ಅವಳನ್ನು ಹೊರಗೆ ಕೂರಿಸಿ ಡಾಕ್ಟರಿಗೆ ಎಲ್ಲ ಬಿಡಿಸಿ ಹೇಳಿದೆ. ಹುಡುಗ ಒಳ್ಳೆಯವನು. ಬರೆದದ್ದರ ಮೇಲೆ ಗೆರೆ ಎಳೆದು ಹೊಸದಾಗಿ ಬರೆದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಕಣ್ಣು ಮುಖ ಗುರುತು ಹಿಡಿಯುತ್ತೆ. ಆದರೆ ನಮ್ಮವರನ್ನ ಕಂಡಾಗ ಒಳಗೆ ಒಂದು ಬೆಚ್ಚಗೆ ಏಳುತ್ತಲ್ಲ, ಅದು ಇವರಿಗೆ ಏಳ್ತಿಲ್ಲ. ಮುಖ ಅದೇ, ಒಳಗೆ ಏನೂ ಇಲ್ಲ. ಹಾಗಾದ್ರೆ ಇದು ಅವರಲ್ಲ, ಅವರ ಥರ ಇರೋ ಬೇರೆ ಯಾರೋ ಅಂತ ಬುದ್ಧಿ ತೀರ್ಮಾನ ಮಾಡಿಬಿಡುತ್ತೆ."

"ಮಗಳ ಗುರುತು ಹಿಡಿತಾಳಲ್ರಿ?"

"ಯಾರು ಎಲ್ಲರಿಗಿಂತ ಹತ್ತಿರವೋ ಹೆಚ್ಚಾಗಿ ಅವರ ಮೇಲೇ ಬರುತ್ತೆ."

ಗುಳಿಗೆ ಬರೆದುಕೊಟ್ಟರು. ಬಿಡದೆ ಕೊಡಬೇಕು. ಬಸ್ಸಿನಲ್ಲಿ ಬರುವಾಗ ಅದೇ ಮಾತನ್ನು ಜಗಿದೆ. ಹತ್ತಿರದವನು ಎಂದೇ ದೂರ. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

9 ಆಗಸ್ಟ್

ಬರೆಯಬಾರದು ಅಂದುಕೊಂಡಿದ್ದೆ.

ಗುಳಿಗೆ ತೆಗೆದುಕೊಳ್ಳುವುದಿಲ್ಲ. ನನ್ನ ಕೈಯ ನೀರನ್ನೂ ಮುಟ್ಟುವುದಿಲ್ಲ. ವಿಷ ಅನ್ನುತ್ತಾಳೆ. ಹದಿನೆಂಟು ದಿನ ಬೇಡಿಕೊಂಡೆ. ಇಂದು ಬೆಳಿಗ್ಗೆ ಗುಳಿಗೆಯನ್ನು ನನ್ನ ಮುಖದ ಮೇಲೆ ಉಗಿದಳು. ಹೊಡೆದೆ. ಕೆನ್ನೆಗೆ.

ಮದುವೆಯಾದಂದಿನಿಂದ ಇದು ಮೊದಲು. ಸಿಟ್ಟಿನ ಮನುಷ್ಯ ನಾನು, ಹೌದು. ಪ್ಯಾಸೆಂಜರುಗಳ ಜೊತೆ ದಿನಾ ಜಗಳ. ಆದರೆ ಮನೆಯಲ್ಲಿ ಕೈ ಎತ್ತಿದವನಲ್ಲ.

ಅಳಲಿಲ್ಲ ಅವಳು. ಕೆನ್ನೆ ಹಿಡಿದುಕೊಂಡು ತಲೆಯಾಡಿಸಿದಳು, ಲೆಕ್ಕ ಸರಿಹೋಯಿತು ಎನ್ನುವ ಹಾಗೆ.

"ಅವರು ಒಂದ ದಿನ ನನ್ನ ಮ್ಯಾಲೆ ಕೈ ಎತ್ತಿಲ್ಲ. ಸ್ವಲ್ಪ ಅನುಮಾನ ಇತ್ತು. ಈಗ ಖಾತ್ರಿ ಆತು."

17 ಸೆಪ್ಟೆಂಬರ್. ರಾಮದುರ್ಗ ಸ್ಟ್ಯಾಂಡ್, ಸಂಜೆ 7

ಬರೆದಿಡಬೇಕು.

ಇಲ್ಲೇ ಹಾಲ್ಟ್. ಊಟ, ಮಲಗುವುದು ವಿಜಯಾಳ ಮನೆಯಲ್ಲಿ. ನಾನಿಲ್ಲದ ದಿನ ಶಟ್ಟೆವ್ವ ನಮ್ಮ ಮನೆಗೆ ಬಂದು ಮಲಗುತ್ತಾಳೆ. ಬಂದಳೋ ಇಲ್ಲವೋ ಕೇಳೋಣವೆಂದು ಸ್ಟ್ಯಾಂಡಿನ ಬೂತಿನಿಂದ ಮನೆಗೆ ಫೋನ್ ಮಾಡಿದೆ. ವಿಜಯಾಳ ಬಾಣಂತನದ ಹೊತ್ತಿಗೆ ಹಾಕಿಸಿದ ಫೋನು. ದೇವಕ್ಕ ಎತ್ತುವುದು ಕಡಿಮೆ. ಇಂದು ಎತ್ತಿದಳು.

"ಯಾರ್ರಿ?"

"ನಾ" ಅಂದೆ.

ಅತ್ತ ಕಡೆಯಿಂದ—

"ಅಯ್ಯ ಶಿವನಽ! ನೀವು! ಎಲ್ಲಿ ಅದೀರಿ? ಉಂಡ್ರ್ಯೋ ಇಲ್ಲೋ?"

ನನ್ನ ದೇವಕ್ಕ. ಹಳೆಯ ಧ್ವನಿ. ಉಂಡೆ ಎಂದು ಸುಳ್ಳು ಹೇಳಿದೆ.

"ಇಲ್ಲೊಬ್ಬ ಬಂದ ಸೇರ್ಯಾನ್ರಿ. ಹುಬೇಹೂಬ ನಿಮ್ಮಂಗ. ನಿಮ್ಮ ಅಂಗಿನಽ ಹಾಕ್ಕೋತಾನ. ನಾ ಒಂದ ದಿನ ಸೈತ ಅವನ ಮುಂದ ತಲಿ ಮ್ಯಾಲಿನ ಸೆರಗ ತಗದಿಲ್ರಿ, ನಿಮ್ಮ ಆಣಿ."

"ಏನರ ತ್ರಾಸ ಕೊಟ್ಟಾನೇನು?"

"ಒಂದ ಸಲ ಹೊಡದಾನ್ರಿ. ನೀವು ಬ್ಯಾಸರಾ ಮಾಡಕೋಬ್ಯಾಡ್ರಿ."

"ಇನ್ನೊಮ್ಮೆ ಹೊಡ್ಯಾಂಗಿಲ್ಲ ಅಂವ" ಅಂದೆ. "ನಾ ನೋಡಕೋತೇನಿ."

ಫೋನ್ ಇಟ್ಟ ಮೇಲೂ ಬೂತಿನ ಗಾಜಿನ ಡಬ್ಬಿಯಿಂದ ಹೊರಗೆ ಬರಲು ಆಗಲಿಲ್ಲ. ಹೊರಗೆ ನಿಂತವರು ಗಾಜು ಬಡಿದರು.

18 ಸೆಪ್ಟೆಂಬರ್

ಮನೆಗೆ ಓಡುತ್ತ ಹೋದೆ. ಬಾಗಿಲು ತೆರೆದಳು. ನೋಡಿದಳು. ಸೆರಗು ಎಳೆದುಕೊಂಡಳು.

"ಅವರು ಫೋನ್ ಮಾಡಿದ್ರು ನಿನ್ನೆ. ಇನ್ನ ಮ್ಯಾಲೆ ಹುಷಾರಿಂದ ಇರು" ಎಂದು ಗದರಿಸಿದಳು.

24 ಸೆಪ್ಟೆಂಬರ್

ಇಮಾಮಸಾಬರ ಬೂತು ನಮ್ಮ ಮನೆಯಿಂದ ಆರುನೂರು ಹೆಜ್ಜೆ. ಡ್ಯೂಟಿ ಮುಗಿಸಿ ಅಲ್ಲಿಗೆ ಹೋದೆ. ನಂಬರ್ ಒತ್ತಿದೆ. ಇಮಾಮಸಾಬರು ಮೇಜಿನ ಮೇಲಿನ ಮೀಟರ್ ನೋಡಿ, "ಲೋಕಲ್ ಐತಲ್ರೀ ಕಂಡಕ್ಟರ್ ಸಾಹೇಬ್ರ. ಇಲ್ಲಿಂದ ಕೂಗಿದ್ರ ಕೇಳತೈತಿ ನಿಮ್ಮ ಮನಿಗೆ" ಎಂದು ನಕ್ಕರು.

ಹೊರಗಿನ ಡಿಪೊಕ್ಕೆ ಸ್ಪೆಷಲ್ ಡ್ಯೂಟಿ ಹಾಕಿದ್ದಾರೆ, ಬರಲು ತಡವಾಗುತ್ತದೆ ಎಂದು ದೇವಕ್ಕನಿಗೆ ಹೇಳಿದೆ. ಆಮೇಲೆ ದಿನವಿಡೀ ಟಿಕೆಟ್ ಹರಿಯುತ್ತ ಕಟ್ಟಿಕೊಂಡ ಸುಳ್ಳನ್ನು ಹೇಳಿದೆ.

"ಆ ಮನಿಷ್ಯಾನ ನಾನಽ ಕಳಿಸೇನಿ ದೇವಕ್ಕಾ. ನಿನ್ನ ಕಾಳಜಿ ತಗೋಳಾಕ. ನನ್ನಂಗ ಅದಾನಂತನಽ ಆರಿಸಿ ಕಳಿಸೇನಿ, ಮನ್ಯಾಗ ಪರಪುರುಷ ಅದಾನಂತ ಮಂದಿ ಆಡಕೋಬಾರದು. ಅಂವ ಕೊಟ್ಟ ಗುಳಗಿ ತಗೋ. ಅವು ಶಕ್ತಿ ಗುಳಗಿ, ನಾನಽ ಕೊಟ್ಟ ಕಳಿಸೇನಿ."

"ಮೊದಲಽ ಹೇಳಬಾರದಽ? ನಾ ಬಡವಿ ಎಷ್ಟ ಹೆದರಿದ್ದೆ!"

ಮನೆಗೆ ಹೋದೆ. ಗುಳಿಗೆ ಚಾಚಿದೆ. ತೆಗೆದುಕೊಂಡಳು. ತನ್ನ ಕೈಯಾರೆ ನೀರು ತುಂಬಿಕೊಂಡು ನುಂಗಿದಳು. "ಅವರು ಹೇಳ್ಯಾರಂತ ತಗೋಳಾಕತ್ತೇನಿ. ನಿನ್ನ ಮುಖಾ ನೋಡಿ ಅಲ್ಲ."

ಆಗಲಿ. ನನ್ನ ಮನೆಯಲ್ಲಿ ನನಗೆ ನಾನೇ ಕೊಟ್ಟ ನೌಕರಿ.

4 ನವೆಂಬರ್

ದಿನಾ ಸಂಜೆ ಏಳಕ್ಕೆ ಫೋನು. ಇಮಾಮಸಾಬರು ಆ ಹೊತ್ತಿಗೆ ಡಬ್ಬಿ ಖಾಲಿ ಇಡುತ್ತಾರೆ. ಒಂದು ದಿನ ಅವರಿಗೆ ಎಲ್ಲ ಹೇಳಿಬಿಟ್ಟೆ. ಕೇಳಿ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಅಂದಿನಿಂದ ಚಾಷ್ಟಿ ಮಾಡಿಲ್ಲ.

ಫೋನಿನಲ್ಲಿ ದೇವಕ್ಕ ನಗುತ್ತಾಳೆ. ಮದುವೆಯ ಹೊಸದರಲ್ಲಿ ನಗುತ್ತಿದ್ದಂತೆ. ಹತ್ತು ವರ್ಷದಿಂದ ನಾವು ಹೀಗೆ ಮಾತಾಡಿಯೇ ಇರಲಿಲ್ಲ. ಉಪ್ಪು ತಂದೆಯಾ, ಗ್ಯಾಸ್ ಬಂತಾ, ಅಷ್ಟೇ. ಈಗ ಕೇಳುತ್ತಾಳೆ—ಅಲ್ಲಿ ಚಳಿ ಹೆಂಗೈತ್ರಿ, ಹೊದಿಯಾಕ ಐತೋ ಇಲ್ಲೋ. ನಾನೂ ಹೇಳುತ್ತೇನೆ. ಇಲ್ಲದ ಊರಿನ ಇಲ್ಲದ ಚಳಿ.

ಫೋನ್ ಇಟ್ಟು ಮನೆಗೆ ಬಂದರೆ ಅವಳ ಮುಖದಲ್ಲಿ ಆ ನಗು ಇನ್ನೂ ಆರಿರುವುದಿಲ್ಲ. ನನ್ನನ್ನು ಕಂಡು ಆರುತ್ತದೆ. ಆ ಫೋನಿನವನ ಮೇಲೆ ಹೊಟ್ಟೆಕಿಚ್ಚು ನನಗೆ. ಎಂಥ ಹುಚ್ಚು… ಯಾರಿಗೆ ಗುಳಿಗೆ ಬೇಕೋ.

9 ಡಿಸೆಂಬರ್. ಧಾರವಾಡ

ಫೋನಿನ ವಿಷಯ ಡಾಕ್ಟರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟರು.

"ಕಿವಿಯ ದಾರಿ ಬೇರೆ ಇರಬಹುದು. ಧ್ವನಿ ಕೇಳಿದಾಗ ಆ ಬೆಚ್ಚಗಿನದು ಏಳ್ತಾ ಇದೆ. ಮುಖ ನೋಡಿದಾಗ ಇಲ್ಲ."

"ಹಂಗಾದ್ರ ನನ್ನ ಮುಖನಽ ಅಡ್ಡ ಬರಾಕತ್ತೈತಿ ಅನ್ರಿ."

"ಹಾಗಲ್ಲ… ನೋಡಿ, ಗುಳಿಗೆ ಹೋಗ್ತಿದೆಯಲ್ಲ, ಭಯ ಕಮ್ಮಿ ಆಗಿದೆ. ಅದು ಒಳ್ಳೇದು. ಆದರೆ ಒಂದಿನ ಅವರು ಮನೆಗೆ ಬನ್ನಿ ಅಂತಾರೆ. ಆಗ ಏನು ಹೇಳ್ತೀರಿ?"

ಗುಳಿಗೆಯ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡೆ.

14 ಜನವರಿ 1999, ಸಂಕ್ರಾಂತಿ

ಬೆಳಿಗ್ಗೆ ಬುತ್ತಿ ಕಟ್ಟಿ ಕೈಗೆ ಕೊಟ್ಟಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ.

"ಅವರಿಗೆ ಮುಟ್ಟಸು. ದಾರ್‍ಯಾಗ ನೀ ತಿನ್ನಬ್ಯಾಡ ಮತ್ತ."

ಸವದತ್ತಿ ಸ್ಟ್ಯಾಂಡಿನಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಉಂಡೆ. ಕದ್ದು ತಿನ್ನುತ್ತಿದ್ದೇನೆ ಎನಿಸಿತು. ಸಂಜೆ ಫೋನಿನಲ್ಲಿ ಕೇಳಿದಳು, ಏನೇನಿತ್ತು ಹೇಳ್ರಿ. ಹೇಳಿದೆ. "ಎಲ್ಲಾ ಮುಟ್ಟಸ್ಯಾನ. ನಂಬಿಗಸ್ಥ ಅದಾನ ಬಿಡ್ರಿ" ಎಂದು ನನ್ನನ್ನು ಹೊಗಳಿದಳು. ಆಮೇಲೆ ಧ್ವನಿ ಇಳಿಯಿತು.

"ಯುಗಾದಿಗಿಂತ ಮೊದಲ ಬರ್ರಿ. ಒಬ್ಬಾಕಿನಽ ಎಷ್ಟ ದಿನ ಇರಲಿ?"

7 ಮಾರ್ಚ್, ಭಾನುವಾರ. ರಾತ್ರಿ ಊಟವಿಲ್ಲ

ಏಳೆಂಟು ವಾರ ನೆಪ ಹೇಳಿದೆ. ಇಂದು ಇಮಾಮಸಾಬರು, "ಒಮ್ಮೆ ಖುದ್ದ ಹೋಗ್ರಿ. ಕಿವ್ಯಾಗ ಧ್ವನಿ ಇನ್ನೂ ಹಸೀ ಇದ್ದಾಗನಽ ಎದುರಿಗೆ ನಿಂದರ್ರಿ. ಅಲ್ಲಾಹ್ ದೊಡ್ಡಾಂವ" ಅಂದರು. ನನಗೂ ಹಾಗೆಯೇ ಅನಿಸುತ್ತಿತ್ತು. ಆಸೆ ಎನ್ನುವುದು ಕೆಟ್ಟದ್ದು.

ಸಂಜೆ ಐದಕ್ಕೆ ಫೋನ್ ಮಾಡಿದೆ. "ಬೈಲಹೊಂಗಲ ಸ್ಟ್ಯಾಂಡಿಗೆ ಬಂದೇನಿ ದೇವಕ್ಕಾ. ಈಗ ಮನಿಗೆ ಬರಾಕತ್ತೇನಿ."

ಕಿರುಚಿದಳು ಸಂತೋಷಕ್ಕೆ. ರಿಸೀವರ್ ಬಿದ್ದ ಸದ್ದು.

ಆರುನೂರು ಹೆಜ್ಜೆ. ಹೊಸ ಯೂನಿಫಾರಂ, ಹೆಗಲಿಗೆ ಚೀಲ, ಕೈಯಲ್ಲಿ ಮಲ್ಲಿಗೆ. ಮೂಲೆ ತಿರುಗಿದೆ. ಬಾಗಿಲಲ್ಲಿ ನಿಂತಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು. ಕಾಲಿಗೆ ಹಾಕಲು ತಂಬಿಗೆಯಲ್ಲಿ ನೀರು. ಮುಖ ಹೊಳೆಯುತ್ತಿತ್ತು. ನಾನು ಹತ್ತಿರ ಹೋದಂತೆ ಅವಳ ಕಣ್ಣು ನನ್ನನ್ನು ದಾಟಿ ಹಿಂದಿನ ರಸ್ತೆಗೆ ಹೋದವು.

"ಅವರು ಹಿಂದ ಬರಾಕತ್ತಾರೇನು?"

"ದೇವಕ್ಕಾ" ಅಂದೆ. ಅದೇ ಧ್ವನಿಯಲ್ಲಿ. ಫೋನಿನಲ್ಲಿ ಹೇಳಿದಂತೆಯೇ.

"ಸರಿ ಅತ್ತಾಗ, ದಾರಿ ಕಾಣವಲ್ದು."

ಸರಿದು ನಿಂತೆ. ಮಲ್ಲಿಗೆಯನ್ನು ಕೈಯಿಂದ ತೆಗೆದುಕೊಂಡು, "ಅವರು ಕಳಿಸಿದ್ರೇನು?" ಎಂದು ಕಟ್ಟೆಯ ಮೇಲಿಟ್ಟಳು, ಅವರು ಬಂದ ಮೇಲೆ ಮುಡಿಯಲು. ದೀಪ ಹಚ್ಚುವ ತನಕ ನಿಂತಿದ್ದಳು, ತಂಬಿಗೆ ಹಿಡಿದು. ನಾನೂ ಪಕ್ಕದಲ್ಲಿ ನಿಂತೆ. ಇಬ್ಬರೂ ರಸ್ತೆ ನೋಡಿದೆವು.

11 ಏಪ್ರಿಲ್

ಕಟ್ಟೆ ಬಿಟ್ಟು ಏಳುವುದಿಲ್ಲ. ಮಧ್ಯಾಹ್ನದ ಬಿಸಿಲು ಮುಖಕ್ಕೆ ಹೊಡೆದರೂ ರಸ್ತೆ ನೋಡುತ್ತಾಳೆ. ಊಟ ಎರಡು ತುತ್ತು. ಗುಳಿಗೆ ಮತ್ತೆ ನಿಂತಿದೆ—"ಅವರಽ ಬಂದ ಕೊಡಲಿ." ಬಳೆ ಮೊಣಕೈ ತನಕ ಸರಿಯುತ್ತವೆ, ಅಷ್ಟು ಇಳಿದಿದ್ದಾಳೆ.

ಆ ದಿನ ಬಸ್ ಕೆಟ್ಟಿತು ಎಂದು ಫೋನಿನಲ್ಲಿ ಹೇಳಿದ್ದೆ. ನಂಬಲಿಲ್ಲ. ಇಂದು ಏಳಕ್ಕೆ ಮಾಡಿದೆ. ನನ್ನ ಮಾತು ಪೂರ್ತಿ ಕೇಳಿದಳು.

"ನೀವು ಯಾರ್ರಿ?" ಅಂದಳು.

"ನಾ. ನಾನಽ ದೇವಕ್ಕಾ."

"ಅವರಾಗಿದ್ರ ಅವತ್ತ ಬರತಿದ್ರು. ಸ್ಟ್ಯಾಂಡ್ ತನಕ ಬಂದಾವರು ಮನಿಗೆ ಬರಲಾರದ ಹೋಗೂ ಮನಿಷ್ಯಾ ಅಲ್ಲ ಅವರು. ಅವರ ಧ್ವನಿ ಮಾಡಬ್ಯಾಡ್ರಿ. ಕೈ ಮುಗೀತೇನಿ."

ಇಟ್ಟುಬಿಟ್ಟಳು.

ಮುಖ ಮೊದಲೇ ಹೋಗಿತ್ತು. ಈಗ ಧ್ವನಿಯೂ ಹೋಯಿತು. ಇನ್ನು ನನ್ನ ಹತ್ತಿರ ನಾನು ಎನ್ನಲು ಏನಿದೆ? ಇಮಾಮಸಾಬರು ಏನೂ ಕೇಳದೆ ನೀರು ಕೊಟ್ಟರು.

26 ಏಪ್ರಿಲ್

ಅಡ್ಮಿಟ್ ಮಾಡೋಣ ಎಂದು ಡಾಕ್ಟರು. ನಾಲ್ಕು ಜನ ಹಿಡಿದು ಜೀಪಿನಲ್ಲಿ ಹಾಕಬೇಕು. ಹೊರಡಿಸಲು ಹೋದರೆ ದೇವಕ್ಕ ಬಾಗಿಲ ಚೌಕಟ್ಟು ಹಿಡಿದು, "ಅವರು ಬಂದ್ರ ಮನ್ಯಾಗ ಯಾರ ಇರತಾರ?" ಎಂದು ಕೂಗಿದಳು. ಬಿಟ್ಟೆ. ನನ್ನಿಂದ ಆಗಲಿಲ್ಲ.

ಕಾಯಿಲೆ ಒಂದು ಕಡೆ. ಇವಳನ್ನು ತಿನ್ನುತ್ತಿರುವುದು ಕಾಯುವಿಕೆ. ಅದನ್ನು ಹಚ್ಚಿಕೊಟ್ಟವನು ನಾನು. ದಿನಾ ಏಳಕ್ಕೆ.

3 ಮೇ, ಸೋಮವಾರ

ಬೆಳಿಗ್ಗೆ ಡ್ಯೂಟಿಗೆ ಹೊರಟಿದ್ದೆ.

"ನಿಜಗುಣಪ್ಪನವರ, ಇಲ್ಲಿ ಬರ್ರಿ."

ಬಹುವಚನ. ಕಟ್ಟೆಯ ಈ ತುದಿಗೆ ಕುಳಿತೆ.

"ನೀವು ಕೆಟ್ಟ ಮನಿಷ್ಯಾ ಅಲ್ಲ. ಮೊದಲ ನನಗ ತಿಳೀಲಿಲ್ಲ. ಅವರು ಹೇಳಿದ್ದೆಲ್ಲಾ ಮಾಡೀರಿ. ಒಂದ ಖರೆ ಹೇಳ್ರಿ. ಅವರು ಹೋಗ್ಯಾರ, ಹೌದಲ್ಲೋ? ನನಗ ತಡಕೋಳಾಕ ಆಗೂದಿಲ್ಲಂತ ಎಲ್ಲಾರೂ ಕೂಡಿ ಮುಚ್ಚಿ ಇಟ್ಟೀರಿ."

ಇದ್ದಾರೆ ಎನ್ನಬಹುದಿತ್ತು. ನಾಳೆ ಮತ್ತೆ ಬಿಸಿಲಿಗೆ ಕೂರುತ್ತಾಳೆ. ನಾಡಿದ್ದೂ. ಮಳೆಗಾಲದ ತನಕ ಈ ಜೀವ ಉಳಿಯುವುದಿಲ್ಲ. ಅವಳ ಕೈ ನೋಡಿದೆ. ಬರೀ ಎಲುಬು.

"ಹೌದ್ರಿ" ಅಂದೆ. "ಹೋದ್ರು."

"ಯಾವಾಗ?"

"ಮಾರ್ಚ್ ಏಳಕ್ಕ. ನಿಮ್ಮ ಕಡೆನಽ ಬರಾಕತ್ತಿದ್ರು."

"ಮಣ್ಣ ಎಲ್ಲಿ ಮಾಡಿದ್ರಿ?"

"ರಾಮದುರ್ಗದಾಗ. ಮಲಪ್ರಭಾ ದಂಡಿಗೆ."

"ನೀವು ಹೆಗಲ ಕೊಟ್ರೇನು?"

"ಕೊಟ್ಟೆ."

ಆಗ ಅತ್ತಳು. ಕಂಬ ಹಿಡಿದು, ಬಾಯಿ ಬಿಟ್ಟು, ನನ್ನ ಗುಣ ಒಂದೊಂದೇ ಹಾಡಿಕೊಂಡು ಅತ್ತಳು. ಸಿಟ್ಟಿನವರಾದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ ಅಂದಳು. ಮಗಳ ಮದುವೆಯಲ್ಲಿ ದನದ ಕೊಟ್ಟಿಗೆಗೆ ಹೋಗಿ ಅತ್ತಿದ್ದರು ಅಂದಳು. ಅದು ಅವಳಿಗೆ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ನಾನೂ ಅತ್ತೆ. ಎರಡು ಮೊಳ ದೂರ ಕುಳಿತು, ನನಗಾಗಿಯೇ.

ಬಹಳ ಹೊತ್ತಿನ ಮೇಲೆ, "ಒಂದೀಟ ನೀರ ಕೊಡ್ರಿ" ಅಂದಳು. ನನ್ನ ಕೈಯಿಂದ ಕುಡಿದಳು. ಜೂನ್ ತಿಂಗಳಿನಿಂದ ಮೊದಲ ಸಲ.

6 ಮೇ

ವಿಜಯಾ ಬಂದಳು. ವಿಷಯ ಕೇಳಿ ಕೆಂಡವಾದಳು. "ನೀ ಜೀವಂತ ಇರತ ಅವ್ವ ಕುಂಕಮಾ ಒರಸಕೋಬೇಕೇನ ಅಪ್ಪಾ? ನಿನಗೂ ತಲಿ ಕೆಟ್ಟೈತಿ." ಅವಳ ಅವ್ವ ಅಡುಗೆ ಮನೆಯಲ್ಲಿ ಕುಳಿತು ರೊಟ್ಟಿ ತಿನ್ನುತ್ತಿರುವುದನ್ನು ತೋರಿಸಿದೆ. ಒಂದು ಪೂರ್ತಿ ರೊಟ್ಟಿ. ಗುಳಿಗೆಯೂ ಹೋಗಿತ್ತು. ವಿಜಯಾ ಗೋಡೆಗೆ ಒರಗಿ ಅತ್ತಳು.

ಬಳೆ ತೆಗೆಯಲು ಶಟ್ಟೆವ್ವ ಒಪ್ಪಲಿಲ್ಲ. ಕಣ್ಣ ಮುಂದೆ ಗಂಡಸು ನಿಂತಿದ್ದಾನೆ, ಪಾಪ ಸುತ್ತಿಕೊಳ್ಳುತ್ತದೆ ಎಂದು ಮನೆಯ ಬಾಗಿಲು ಹಾಕಿಕೊಂಡಳು. ದೇವಕ್ಕ ತಾನೇ ಒಂದೊಂದಾಗಿ ಕಳಚಿ ಮೊರದಲ್ಲಿಟ್ಟಳು. ಒಡೆಯುವ ಗೋಜಿಲ್ಲ, ಅಷ್ಟು ಸಡಿಲ. ತಾಳಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಹೊಳ್ಯಾಗ ಬಿಟ್ಟ ಬರ್ರಿ, ಅವರನ್ನ ಮಣ್ಣ ಮಾಡಿದ ಕಡೆ."

ಸದ್ಯ ಯೂನಿಫಾರಮ್ಮಿನ ಕಿಸೆಯಲ್ಲಿದೆ.

13 ಮೇ, ಗುರುವಾರ. ಮಧ್ಯಾಹ್ನ 2

ದೇವಕ್ಕ ಸುದ್ದಿ ಕೇಳಿ ಹನ್ನೊಂದನೆಯ ದಿನ. ರಜೆ ಹಾಕಿದೆ. ಕಾರಣದ ಜಾಗದಲ್ಲಿ 'ಮನೆಯ ಕಾರ್ಯ' ಎಂದು ಬರೆದೆ.

ದೇವಕ್ಕ ಬೆಳಿಗ್ಗೆ ಬೇಗ ಎದ್ದು ಗೋಧಿ ಹುಗ್ಗಿ ಮಾಡಿದಳು. ತೀರಿಹೋದವರಿಗೆ ಸೇರುತ್ತಿದ್ದ ಅಡುಗೆ ಮಾಡಬೇಕಲ್ಲ. ಇದ್ದ ಒಂದು ಫೋಟೊಕ್ಕೆ ಎಡೆ ಇಟ್ಟಳು. ಆಮೇಲೆ ಹೊರಗೆ ಬಂದು, "ಊಟಕ್ಕ ಏಳ್ರಿ" ಅಂದಳು. ಬೀಗರ ತಾಟು ಅಲ್ಲ. ಮನೆಯ ತಾಟು. ಎದುರಿಗೇ ಕುಳಿತಳು, ಅಗಳಿ ಹಾಕಿಕೊಳ್ಳಲಿಲ್ಲ. ಹಣೆ ಬೋಳಾಗಿತ್ತು. ಆದರೂ ಮುಖ ತಿಳಿಯಾಗಿತ್ತು, ಜ್ವರ ಬಿಟ್ಟವರ ಮುಖದಂತೆ.

ಹುಗ್ಗಿ ಬಡಿಸಿ, ಒಂದು ಕೈಯಲ್ಲಿ ಹಾಲಿನ ಗಿಂಡಿ, ಒಂದು ಕೈಯಲ್ಲಿ ತುಪ್ಪ ಹಿಡಿದು ತಡೆದಳು.

"ಅವರಿಗೆ ಹಾಲ ಹಾಕಿದ್ರ ತಾಟ ಸರಸತಿದ್ರು. ತುಪ್ಪನಽ ಬೇಕು. ನಿಮಗ ಏನ ಹಾಕಲ್ರಿ?"

ತುಪ್ಪ ಎಂದು ಬಾಯಿಯ ತುದಿಗೆ ಬಂದಿತ್ತು. ನುಂಗಿದೆ.

"ಹಾಲು" ಅಂದೆ.

ಹಾಕಿದಳು. ತಾಟಿನ ತುಂಬ. ಮೊದಲ ತುತ್ತು ಬಾಯಿಗಿಟ್ಟುಕೊಂಡೆ. ನೋಡುತ್ತಿದ್ದಳು. ಎರಡನೆಯದು. "ಚಲೋ ಆತು ಬಿಡ್ರಿ. ಮುಖಾ ಒಂದ ಬಿಟ್ರ ನೀವು ಅವರಂಗ ಇಲ್ಲನಽ ಇಲ್ಲ" ಎಂದು ನಕ್ಕಳು. ನನ್ನ ಮುಖ ನೋಡಿ. ಹನ್ನೊಂದು ತಿಂಗಳ ಮೇಲೆ.

ಹೌದ್ರಿ ಅಂದೆ, ನಾನು ಅವರಂತಲ್ಲ. ಅವರು ತುಪ್ಪ ಇಲ್ಲದೆ ಉಣ್ಣುತ್ತಿರಲಿಲ್ಲ.